ಅಮ್ಮನ ಹೆಸರಿನಲ್ಲಿ ಒಂದು ಬಾವಿ: ದಾನಿಗಳ ಪ್ರಶ್ನೆಗೆ ನಮ್ಮ ಉತ್ತರ



ರಂಜಾನ್ ತಿಂಗಳು ಬಂತೆಂದರೆ ನಮಗೆ ಬರುವ ಫೋನ್ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. "ನಮ್ಮ ಮರ್ಹೂಮ್ ತಾಯಿಯ ಹೆಸರಿನಲ್ಲಿ ಆಫ್ರಿಕಾದಲ್ಲಿ ಒಂದು ಬಾವಿ ತೋಡಿಸಬೇಕು, ನಿಮ್ಮ ಟ್ರಸ್ಟ್ ಮೂಲಕ ಆಗುತ್ತದೆಯೇ?" ಎಂದು ಕೇಳುತ್ತಾರೆ. ಮೊಬೈಲ್‌ನಲ್ಲಿ ಬಂದ ಚಿತ್ರವನ್ನೂ ಕಳಿಸುತ್ತಾರೆ. ಕೆಂಪು ಮಣ್ಣು, ಹೊಸ ಹ್ಯಾಂಡ್‌ಪಂಪ್, ನೀರಿಗೆ ಕೈಯೊಡ್ಡಿ ನಗುವ ಮಕ್ಕಳು, ಗೋಡೆಯ ಮೇಲೆ ದಾನಿಯ ಹೆಸರಿನ ಫಲಕ. ಈ ಆಸೆ ಒಳ್ಳೆಯದು. ಹಜರತ್ ಸಾದ್ ಬಿನ್ ಉಬಾದಾ ಅವರು ತೀರಿಕೊಂಡ ತಾಯಿಗಾಗಿ ಯಾವ ದಾನ ಉತ್ತಮವೆಂದು ಪ್ರವಾದಿಯವರನ್ನು (ಸ) ಕೇಳಿದಾಗ ನೀರಿನ ದಾನವೆಂದು ಉತ್ತರ ಸಿಕ್ಕಿತು, ಅವರು ಬಾವಿ ತೋಡಿಸಿದರು ಎಂಬ ವರದಿ ನಮಗೆಲ್ಲ ಗೊತ್ತಿರುವುದೇ. ಈ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನಲ್ಲಿ ಉತ್ತರಿಸಲು ಆಗುವುದಿಲ್ಲವಾದ್ದರಿಂದ ಈ ವರ್ಷದ ವರದಿಯಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಕಾನೂನಿನ ಮಾತು ಮುಗಿಸುತ್ತೇವೆ. ನಮ್ಮಂಥ ಧರ್ಮಾರ್ಥ ಟ್ರಸ್ಟ್ ದೇಶದ ಹೊರಗೆ ಹಣ ಖರ್ಚು ಮಾಡಿ ತೆರಿಗೆ ವಿನಾಯಿತಿ ಉಳಿಸಿಕೊಳ್ಳಬೇಕಾದರೆ ಕೇಂದ್ರ ನೇರ ತೆರಿಗೆ ಮಂಡಳಿಯ ವಿಶೇಷ ಅನುಮತಿ ಬೇಕು. ನಮಗೆ ಆ ಅನುಮತಿ ಇಲ್ಲ, ಕೇಳಿಯೂ ಇಲ್ಲ. ಇನ್ನೊಂದು ಶರೀಅತ್‌ನ ಮಾತು. ನಮ್ಮ ಭಾಗದ ಉಲಮಾಗಳು ಅನುಸರಿಸುವ ಹನಫಿ ಅಭಿಪ್ರಾಯದಂತೆ ಝಕಾತ್ ಹಣ ಅರ್ಹ ವ್ಯಕ್ತಿಯ ಕೈಗೆ, ಅವನ ಮಾಲೀಕತ್ವಕ್ಕೆ ಸೇರಬೇಕು. ಬಾವಿ ಯಾರೊಬ್ಬರ ಸ್ವತ್ತೂ ಅಲ್ಲ, ಆದ್ದರಿಂದ ಝಕಾತ್‌ನಿಂದ ಬಾವಿ ಆಗುವುದಿಲ್ಲ. ಬಡ ವಿದ್ಯಾರ್ಥಿಯ ಫೀಸಿಗೆ ಝಕಾತ್ ಕೊಡಬಹುದು, ನೀರಿನ ಕೆಲಸಕ್ಕೆ ಸದಖಾ ಅಥವಾ ಲಿಲ್ಲಾಹ್ ಹಣವೇ ಬೇಕು. ದಯವಿಟ್ಟು ಹಣ ಕಳಿಸುವಾಗ ಯಾವುದೆಂದು ಚೀಟಿಯಲ್ಲಿ ಬರೆಯಿರಿ. ಎಷ್ಟೋ ಜನ ಬರೆಯುವುದಿಲ್ಲ, ನಾವು ಮತ್ತೆ ಫೋನ್ ಮಾಡಿ ಕೇಳಬೇಕಾಗುತ್ತದೆ.

ಇನ್ನು ಮುಖ್ಯ ವಿಷಯ. ಆ ಚಿತ್ರದಲ್ಲಿರುವ ಹ್ಯಾಂಡ್‌ಪಂಪ್ ಬಹಳ ಸಲ ನಮ್ಮದೇ ಮಗು ಎಂದರೆ ದಾನಿಗಳಿಗೆ ಆಶ್ಚರ್ಯವಾಗುತ್ತದೆ. 1967ರ ಬಿಹಾರದ ಬರಗಾಲದ ಹೊತ್ತಿಗೆ ಯುನಿಸೆಫ್ ಗಟ್ಟಿ ಕಲ್ಲು ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದಿತು. ಬೋರ್ ಕೊರೆಯುವುದು ಸುಲಭವಾಯಿತು, ಆದರೆ ಅದರ ಮೇಲೆ ಕೂರಿಸಿದ ಬೀಡುಕಬ್ಬಿಣದ ಪಂಪುಗಳು ಯುರೋಪ್ ಮತ್ತು ಅಮೆರಿಕದ ಒಂದು ಮನೆಯ ಬಳಕೆಯ ಪಂಪಿನ ನಕಲು. ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಎಳೆದರೆ ಅವು ಎಷ್ಟು ದಿನ ತಾಳಿಯಾವು? 1974ರಲ್ಲಿ ಯುನಿಸೆಫ್ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 75 ಪಂಪುಗಳು ಕೆಟ್ಟು ನಿಂತಿದ್ದವು. ಅಷ್ಟರಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದ ಜಾಲನಾ ಮತ್ತು ಸೊಲ್ಲಾಪುರಗಳಲ್ಲಿ ಮಿಶನ್ ಸಂಸ್ಥೆಗಳ ಕೆಲಸಗಾರರು ಉಕ್ಕಿನ ಗಟ್ಟಿ ಪಂಪು ಮಾಡಿಕೊಂಡಿದ್ದರು. ಸೊಲ್ಲಾಪುರದ ಪಂಪನ್ನು ಆಧಾರ ಮಾಡಿಕೊಂಡು, ಕೊಯಮತ್ತೂರು ಭಾಗದಲ್ಲಿ ಪರೀಕ್ಷೆ ನಡೆಸಿ, ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಲ್ಲಿ 1970ರ ದಶಕದ ಕೊನೆಗೆ ತಯಾರಾದದ್ದೇ 'ಇಂಡಿಯಾ ಮಾರ್ಕ್ 2'. ನಮ್ಮ ಹಳ್ಳಿಗಳಲ್ಲಿ ನಾವು 'ಬೋರಿಂಗ್' ಎಂದು ಕರೆಯುತ್ತಾ ಬಂದದ್ದು ಇದನ್ನೇ. ಇದೇ ಪಂಪು ಆಫ್ರಿಕಾದ ಹತ್ತಾರು ದೇಶಗಳ ಹಳ್ಳಿಗಳಿಗೂ ಹೋಯಿತು.

ಪಂಪಿನ ಜೊತೆಗೆ ಅದರ ರೋಗವೂ ಹೋಯಿತು. ಇಂಡಿಯಾ ಮಾರ್ಕ್ 2 ಗಟ್ಟಿ ನಿಜ, ಆದರೆ ಅದರ ಜೀವ ಇರುವುದು ನೆಲದೊಳಗೆ ಆಳದಲ್ಲಿರುವ ಸಿಲಿಂಡರಿನಲ್ಲಿ. ಅಲ್ಲಿಯ ಪಿಸ್ಟನ್ನಿಗೆ ಬಟ್ಟಲಿನ ಆಕಾರದ ವಾಷರ್ ಇರುತ್ತದೆ. ಹಿಂದೆ ಚರ್ಮದ್ದು, ಈಗ ರಬ್ಬರಿನದು. ಅದು ಸವೆದರೆ ಎಷ್ಟು ಎಳೆದರೂ ನೀರು ಮೇಲೆ ಬರುವುದಿಲ್ಲ. ವಾಷರಿನ ಬೆಲೆ ಅಲ್ಪ. ಆದರೆ ಅದನ್ನು ಬದಲಿಸಬೇಕೆಂದರೆ ಇಡೀ ಪೈಪಿನ ಸಾಲನ್ನು ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ವಿಶೇಷ ಉಪಕರಣ ಬೇಕು, ನಾಲ್ಕೈದು ಜನ ಬೇಕು, ಗೊತ್ತಿರುವ ಮೇಸ್ತ್ರಿ ಬೇಕು. ಈ ತೊಂದರೆ ಕಂಡೇ ಮುಂದೆ 'ಮಾರ್ಕ್ 3' ಬಂತು. ಅದರಲ್ಲಿ ಪೈಪು ಅಗಲವಾಗಿರುವುದರಿಂದ ಪೈಪು ತೆಗೆಯದೆ ಪಿಸ್ಟನ್ ಒಂದನ್ನೇ ಮೇಲೆಳೆಯಬಹುದು. ಸಹಾರಾ ಮರುಭೂಮಿಯ ದಕ್ಷಿಣದ ದೇಶಗಳಲ್ಲಿ ಯಾವ ದಿನ ಲೆಕ್ಕ ಹಾಕಿದರೂ ಸುಮಾರು ನಾಲ್ಕರಲ್ಲಿ ಒಂದು ಹ್ಯಾಂಡ್‌ಪಂಪ್ ಕೆಟ್ಟು ನಿಂತಿರುತ್ತದೆ ಎಂಬುದು ಈ ಕೆಲಸ ಬಲ್ಲವರ ಅಂದಾಜು. ಅವೆಲ್ಲವೂ ಒಮ್ಮೆ ಫೋಟೋ ತೆಗೆಸಿಕೊಂಡ ಪಂಪುಗಳೇ.

ಬೇರೆಯವರ ಕಥೆ ಹೇಳುವುದು ಸುಲಭ. ನಮ್ಮದೂ ಒಂದಿದೆ, ಅದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಶಾಲೆಯ ಹತ್ತಿರ ನಾವು ಕೈಪಂಪು ಹಾಕಿಸಿದೆವು. ಉದ್ಘಾಟನೆ, ಹಾರ, ಫೋಟೋ, ಫಲಕ ಎಲ್ಲ ಆಯಿತು. ಮುಂದೆ ಎರಡು ಬೇಸಿಗೆ ಕಳೆದ ಮೇಲೆ ವಿದ್ಯಾರ್ಥಿವೇತನದ ಅರ್ಜಿ ಪರಿಶೀಲನೆಗೆ ಆ ಊರಿನ ಒಂದು ಮನೆಗೆ ಹೋದಾಗ ಹುಡುಗಿಯ ಹಾಜರಾತಿ ಕಡಿಮೆ ಏಕೆಂದು ಕೇಳಿದೆವು. ತಾಯಿ ಕೂಲಿಗೆ ಹೋಗುತ್ತಾರೆ, ನೀರು ತರುವುದು ಹುಡುಗಿಯ ಕೆಲಸ, ಬೋರಿಂಗ್ ಕೆಟ್ಟು ತಿಂಗಳುಗಳಾಗಿವೆ, ದೂರದ ಹೊಲದ ಬಾವಿಗೆ ಹೋಗಬೇಕು ಎಂದರು. ಯಾವ ಬೋರಿಂಗ್ ಎಂದು ನಾವು ಕೇಳಲೇ ಇಲ್ಲ, ಗೊತ್ತಾಗಿತ್ತು. ಹೋಗಿ ನೋಡಿದರೆ ಫಲಕ ಮಾತ್ರ ಹೊಳೆಯುತ್ತಿತ್ತು. ಕೆಟ್ಟಿದ್ದು ವಾಷರ್. ಯಾರಿಗೆ ಹೇಳಬೇಕೆಂದು ಊರವರಿಗೆ ತಿಳಿದಿರಲಿಲ್ಲ, ಏಕೆಂದರೆ ನಾವು ಹೇಳಿರಲಿಲ್ಲ. ಫಲಕದ ಮೇಲೆ ದಾನಿಯ ಹೆಸರಿತ್ತು, ದುರಸ್ತಿಗೆ ಕರೆಯಬೇಕಾದ ಫೋನ್ ನಂಬರ್ ಇರಲಿಲ್ಲ. ಒಂದು ಕೈಯಿಂದ ಆ ಹುಡುಗಿಗೆ ಪುಸ್ತಕಕ್ಕೆ ಹಣ ಕೊಡುತ್ತಾ ಇನ್ನೊಂದು ಕೈಯ ಅಲಕ್ಷ್ಯದಿಂದ ಅವಳನ್ನು ಶಾಲೆ ಬಿಡಿಸಿದ್ದೆವು. ಈ ತಪ್ಪು ಯಾವ ಗುತ್ತಿಗೆದಾರನದೂ ಅಲ್ಲ, ನಮ್ಮದೇ.

ಅಂದಿನಿಂದ ನಮ್ಮ ಟ್ರಸ್ಟಿನಲ್ಲಿ ಒಂದು ನಿಯಮ ಮಾಡಿಕೊಂಡೆವು. ಹೊಸ ಬಾವಿಯ ಮೊದಲು ಹಳೆಯ ಬಾವಿ. ಇದಕ್ಕೆ ಆಧಾರವೂ ಇದೆ. ಮದೀನಾದ ರೂಮಾ ಬಾವಿಯ ಪ್ರಸಂಗವನ್ನು ನೆನಪಿಸಿಕೊಳ್ಳಿ. ಹಜರತ್ ಉಸ್ಮಾನ್ ಅವರು ಅಲ್ಲಿ ಹೊಸ ಬಾವಿ ತೋಡಿಸಲಿಲ್ಲ. ಹಣಕ್ಕೆ ನೀರು ಮಾರುತ್ತಿದ್ದವನಿಂದ ಇದ್ದ ಬಾವಿಯನ್ನೇ ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. 'ಜಾರಿಯಾ' ಎಂದರೆ ಹರಿಯುತ್ತಿರುವುದು. ನೀರು ನಿಂತ ಮೇಲೆ ಆ ದಾನದ ಹೆಸರೇನು?

ನಮ್ಮ ನಾಡಿನಲ್ಲೇ ದೊಡ್ಡ ಉದಾಹರಣೆಗಳಿವೆ. ವಿಜಯಪುರದಲ್ಲಿ ಅರಸರು ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು, 1620ರಲ್ಲಿ ತಾಜ್ ಬಾವಡಿ ಕಟ್ಟಿಸಿದರು. ಕಟ್ಟಿದವರ ಕೆಲಸ ಶತಮಾನಗಳ ಕಾಲ ನಿಂತಿತು. ನಳ ಬಂದ ಮೇಲೆ ಕಾಯುವವರಿಲ್ಲದೆ ಅದೇ ಬಾವಡಿ ಕಸದ ಗುಂಡಿಯಾಯಿತು, ಇತ್ತೀಚಿನ ವರ್ಷಗಳಲ್ಲಷ್ಟೇ ಹೂಳೆತ್ತಿ ಸ್ವಚ್ಛ ಮಾಡಿದರು. ಬೀದರಿನ ನೌಬಾದಿನ ಕರೇಜ್ ಸುರಂಗ ಬಾವಿಗಳದೂ ಹೆಚ್ಚುಕಡಿಮೆ ಇದೇ ಕಥೆ.

ಹತ್ತರಗಿಯವರಿಗೆ ನೀರಿನ ಬಗ್ಗೆ ಹೇಳುವುದೇನಿದೆ ಎಂದು ಕೆಲವರು ಕೇಳಬಹುದು. 51 ಟಿಎಂಸಿಯ ಹಿಡಕಲ್ ಜಲಾಶಯ ಇಲ್ಲಿಂದ ದೂರವಿಲ್ಲ. ಬ್ರಿಟಿಷರ ಕಾಲದ ಧೂಪದಾಳ ಒಡ್ಡಿನಿಂದ ಗೋಕಾಕ, ಮೂಡಲಗಿ ಕಡೆಗೆ ಕಾಲುವೆ ಹರಿಯುತ್ತದೆ. ಆದರೆ ಹೊಲಕ್ಕೆ ಹರಿಯುವ ನೀರು ಬೇರೆ, ಕುಡಿಯುವ ನೀರು ಬೇರೆ. ಹುಕ್ಕೇರಿ ಭಾಗದ ನೆಲದಡಿ ಹೆಚ್ಚಾಗಿ ಕಪ್ಪು ಬಸಾಲ್ಟ್ ಕಲ್ಲು. ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಪಕ್ಕದ ಕಬ್ಬಿನ ಹೊಲಕ್ಕೆ ಆಳದ ಬೋರ್ ಬಿತ್ತೆಂದರೆ ಅದೇ ಬಿರುಕಿನ ನೀರು ಅತ್ತ ಹೋಗುತ್ತದೆ, ಶಾಲೆಯ ಕೈಪಂಪು ಮಾರ್ಚಿನಲ್ಲೇ ಒಣಗುತ್ತದೆ. ಹಾಗಾಗಿ ಸುತ್ತ ಎಷ್ಟು ನೀರಾವರಿ ಬೋರ್ ಇವೆ ಎಂದು ನೋಡದೆ ನಾವು ಈಗ ಯಾವ ಜಾಗವನ್ನೂ ಒಪ್ಪುವುದಿಲ್ಲ. ದಾನಿ ಎಷ್ಟೇ ಒತ್ತಾಯಿಸಿದರೂ ಸರಿ.

ಕಬ್ಬಿಗೆ ಹಾಕುವ ಗೊಬ್ಬರದ ನೈಟ್ರೇಟ್ ಇನ್ನೊಂದು ಚಿಂತೆ. ನೀರು ಸ್ಫಟಿಕದಂತಿದ್ದರೂ ಅದು ಕಾಣಿಸುವುದಿಲ್ಲ, ರುಚಿಯೂ ತಿಳಿಯುವುದಿಲ್ಲ. ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಹಸುಗೂಸುಗಳಿಗೆ ಅಪಾಯ, ಕುದಿಸಿದರೂ ಹೋಗುವುದಿಲ್ಲ. ಫ್ಲೋರೈಡ್‌ಗೆ ಹೆಚ್ಚೆಂದರೆ 1.5 ಮಿಲಿಗ್ರಾಂ ಮಿತಿ. ಇವೆರಡಕ್ಕೂ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. ರೋಗಾಣುಗಳ ವಿಷಯದಲ್ಲಿ ಮಾತ್ರ ಶಾಲೆಯಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಹೈಡ್ರೋಜನ್ ಸಲ್ಫೈಡ್ ಬಾಟಲಿ ಎನ್ನುತ್ತಾರೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರಿಗೆ ಮಲದ ಸಂಪರ್ಕವಾಗಿರುವ ಸಂಭವ ಹೆಚ್ಚು. ಮಕ್ಕಳು ಇದನ್ನು ಒಮ್ಮೆ ಕಣ್ಣಾರೆ ಕಂಡರೆ ಮನೆಯಲ್ಲಿ ಯಾರ ಉಪದೇಶವೂ ಬೇಕಾಗುವುದಿಲ್ಲ. ಬಾವಿಯಿಂದ ಶೌಚಾಲಯದ ಗುಂಡಿ ಕನಿಷ್ಠ 15 ಮೀಟರ್ ದೂರ ಇರಬೇಕು, ಪಂಪಿನ ಸುತ್ತ ಕಟ್ಟೆ ಬಿರುಕು ಬಿಟ್ಟಿರಬಾರದು, ಚೆಲ್ಲಿದ ನೀರು ಅಲ್ಲೇ ಮಡುಗಟ್ಟಬಾರದು.

2019ರ ಆಗಸ್ಟ್ ಅನ್ನು ನಮ್ಮ ಭಾಗದವರು ಮರೆಯುವುದಿಲ್ಲ. ಘಟಪ್ರಭೆ ಉಕ್ಕಿ ಗೋಕಾಕದ ಬೀದಿಗಳಿಗೆ, ಮೂಡಲಗಿ ಕಡೆಯ ಹಳ್ಳಿಗಳಿಗೆ ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಎಲ್ಲಿ ನೋಡಿದರೂ ನೀರು, ಕುಡಿಯಲು ಮಾತ್ರ ಇಲ್ಲ. ಪ್ರವಾಹದ ನೀರು ಹೊಕ್ಕ ತೆರೆದ ಬಾವಿಯನ್ನು ಪೂರ್ತಿ ಎತ್ತಿ ಹಾಕಿ, ಕೆಸರು ತೆಗೆದು, ಬ್ಲೀಚಿಂಗ್ ಪೌಡರ್ ಹಾಕದೆ ಬಳಸಬಾರದು. ಸಾಮಾನ್ಯ ದಿನಗಳ ಲೆಕ್ಕ ಹೀಗಿದೆ, ಕತ್ತರಿಸಿ ಇಟ್ಟುಕೊಳ್ಳಿ. ಬಾವಿಯ ಅಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಅಳತೆ ಮೀಟರಿನಲ್ಲಿದ್ದರೆ ಉತ್ತರ ಘನ ಮೀಟರ್, ಒಂದು ಘನ ಮೀಟರಿಗೆ 1000 ಲೀಟರ್. 4 ಮೀಟರ್ ಅಗಲ, 3 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 37,700 ಲೀಟರ್ ಇರುತ್ತದೆ. 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರಿನಂತೆ ಸುಮಾರು 95 ಗ್ರಾಂ ಬೇಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಾವಿಗೆ ಇಳಿಸಿ ಕದಡಿ, ಒಂದು ತಾಸು ಬಿಡಬೇಕು. ರಾತ್ರಿ ಹಾಕಿದರೆ ಬೆಳಗಿಗೆ ಅನುಕೂಲ. ಪ್ರವಾಹದ ನಂತರ, ಅಥವಾ ನೀರು ಕದಡಿದ್ದರೆ ಈ ಪ್ರಮಾಣ ಸಾಲದು, ಆರೋಗ್ಯ ಇಲಾಖೆಯವರನ್ನು ಕೇಳಿಯೇ ಹಾಕಿರಿ. ತೆರೆದಿಟ್ಟ ಹಳೆಯ ಪೌಡರಿನಲ್ಲಿ ಸತ್ವ ಇರುವುದಿಲ್ಲ ಎಂಬುದೂ ನೆನಪಿರಲಿ.

ನೀರು ಬಾರದ ಬೋರ್ ಬಗ್ಗೆಯೂ ಹೇಳಲೇಬೇಕು. 2017ರ ಏಪ್ರಿಲ್‌ನಲ್ಲಿ ನಮ್ಮದೇ ಜಿಲ್ಲೆಯ ಅಥಣಿ ತಾಲ್ಲೂಕಿನಲ್ಲಿ ಪುಟ್ಟ ಬಾಲಕಿಯೊಬ್ಬಳು ತೆರೆದ ಕೊಳವೆಬಾವಿಗೆ ಬಿದ್ದು, ಎರಡು ದಿನಕ್ಕೂ ಮೀರಿ ನಡೆದ ಕಾರ್ಯಾಚರಣೆಯ ನಂತರವೂ ಬದುಕಿ ಬರಲಿಲ್ಲ. ವಿಫಲವಾದ ಬೋರನ್ನು ಮಣ್ಣು, ಮರಳು, ಕಲ್ಲಿನಿಂದ ತಳದಿಂದ ಮೇಲಿನವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಬಾಯಿಗೆ ಗೋಣಿಚೀಲ ತುರುಕಿ ಕಲ್ಲಿಡುವುದು ಮುಚ್ಚಿದಂತಲ್ಲ. ನಿಮ್ಮ ಹೊಲದಲ್ಲಿ ಅಂಥದ್ದಿದ್ದು ತುಂಬಿಸಲು ಹಣವಿಲ್ಲದಿದ್ದರೆ ನಮಗೆ ತಿಳಿಸಿ. ಆ ಖರ್ಚನ್ನು ನಾವು ನೀರಿನ ಲೆಕ್ಕದಲ್ಲೇ ಹಾಕುತ್ತೇವೆ.

ಇದೆಲ್ಲ ಓದಿದ ಮೇಲೂ ಆಫ್ರಿಕಾಕ್ಕೇ ಕೊಡಬೇಕೆನ್ನುವ ದಾನಿಗಳನ್ನು ನಾವು ತಡೆಯುವುದಿಲ್ಲ. ಅಲ್ಲಿಯ ಬಾಯಾರಿಕೆ ಇಲ್ಲಿಯದಕ್ಕಿಂತ ಕಡಿಮೆಯಲ್ಲ, ಎಷ್ಟೋ ಕಡೆ ಹೆಚ್ಚೇ. ಆದರೆ ಹಣ ತೆಗೆದುಕೊಳ್ಳುವವರನ್ನು ಕೆಲವು ಪ್ರಶ್ನೆ ಕೇಳಿ. ಐದು ವರ್ಷದ ಹಿಂದೆ ಹಾಕಿದ ಪಂಪಿನ ಇವತ್ತಿನ ಫೋಟೋ ಇದೆಯೇ? ವಾಷರ್ ಯಾವ ಪೇಟೆಯಲ್ಲಿ ಸಿಗುತ್ತದೆ? ಅದನ್ನು ಬದಲಿಸುವವರು ಆ ಊರಿನಲ್ಲಿ ಇದ್ದಾರೆಯೇ? 1990ರ ದಶಕದಲ್ಲಿ ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ ಓದು ಬಾರದ ಹೆಣ್ಣುಮಕ್ಕಳು ಹ್ಯಾಂಡ್‌ಪಂಪ್ ರಿಪೇರಿ ಕಲಿತು ಪಾನಾ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಅಂಥವರು ಇರುವ ಕಡೆ ಕೊಟ್ಟ ಹಣ ಹರಿಯುತ್ತದೆ.

ನಮ್ಮಲ್ಲಿ ಕೊಡಬಯಸುವವರು ಚೀಟಿಯಲ್ಲಿ 'ನೀರು ದುರಸ್ತಿ' ಎಂದು ಬರೆಯಿರಿ. ಈ ಹಣ ವಾಷರ್, ಪೈಪು, ಕಟ್ಟೆ, ಹೂಳೆತ್ತುವುದು, ನೀರಿನ ಪರೀಕ್ಷೆ ಇವಕ್ಕೆ ಮಾತ್ರ. ಮಸೀದಿ, ಮಂದಿರ, ಶಾಲೆ, ಕೇರಿ ಎಂದು ನೋಡದೆ ಎಲ್ಲಿ ಪಂಪು ನಿಂತಿದೆಯೋ ಅಲ್ಲಿಗೆ ಹೋಗುತ್ತೇವೆ. ಇದಕ್ಕೆ ಹೆಸರಿನ ಫಲಕ ಇರುವುದಿಲ್ಲ. ಪಂಪಿನ ಮೇಲೆ ದುರಸ್ತಿಯವರ ಫೋನ್ ನಂಬರನ್ನಷ್ಟೇ ಬಣ್ಣದಲ್ಲಿ ಬರೆಸುತ್ತೇವೆ. ತಾಯಿಯ ಹೆಸರು ಬೇಕೆಂದವರ ಹೆಸರನ್ನು ಮುಂದಿನ ವರದಿಯಲ್ಲಿ ಆಯಾ ದುರಸ್ತಿಯ ಎದುರು ಅಚ್ಚು ಹಾಕುತ್ತೇವೆ.

ವಿದ್ಯಾರ್ಥಿವೇತನದ ಕುಟುಂಬಗಳಿಗೆ ಒಂದು ಸೂಚನೆ. ಈ ವರ್ಷದ ಅರ್ಜಿಯ ಎರಡನೇ ಪುಟದಲ್ಲಿ ಹೊಸದಾಗಿ ಮೂರು ಪ್ರಶ್ನೆಗಳಿವೆ: ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ತರುವವರು ಯಾರು, ಶಾಲೆಯ ಶೌಚಾಲಯದಲ್ಲಿ ನೀರು ಇದೆಯೇ. ಉತ್ತರದಿಂದ ವಿದ್ಯಾರ್ಥಿವೇತನ ಹೆಚ್ಚು ಕಡಿಮೆ ಆಗುವುದಿಲ್ಲ, ಶಾಲೆಯ ಮೇಲೆ ದೂರು ಎಂದೂ ನಾವು ತಿಳಿಯುವುದಿಲ್ಲ. ಮಕ್ಕಳೇ ತುಂಬಿದರೆ ಒಳ್ಳೆಯದು, ಕೊಡ ಹೊರುವವರಿಗೆ ದೂರ ಸರಿಯಾಗಿ ಗೊತ್ತಿರುತ್ತದೆ.