ಪಂಖದ ವಿಮಾನದ ಮೇಲಣ ಅಪವಾದಗಳು

ಬೆಂಗಳೂರಿನಿಂದ ಹುಬ್ಬಳ್ಳಿಗೋ ಹೈದರಾಬಾದಿನಿಂದ ಮೈಸೂರಿಗೋ ಹೊರಟ ಪ್ರಯಾಣಿಕರು, ನಿಲ್ದಾಣದ ಬಸ್ಸಿನಿಂದ ಇಳಿದು, ತಮಗಾಗಿ ಕಾದಿರುವುದು ಜೆಟ್ ಅಲ್ಲ, ರೆಕ್ಕೆಗೊಂದರಂತೆ ಎರಡು ಪಂಖಗಳನ್ನು ತಾಳಿದ ಎಟಿಆರ್ ಎಂಬುದನ್ನು ಕಂಡೊಡನೆ, ಅವರೊಳಗೊಬ್ಬರಾದರೂ “ಅಯ್ಯೋ, ಫ್ಯಾನಿನ ವಿಮಾನ!” ಎಂದು ಉದ್ಗರಿಸದಿರುವುದು ಅಪೂರ್ವ. ಇದು ಹಳೆಯದು, ಇದು ನಿಧಾನ, ಇದು ಅಪಾಯಕರ, ಸಣ್ಣ ಊರಿನವರಿಗೆ ಇಷ್ಟೇ ಸಾಕೆಂದು ಕಳುಹಿಸಿದ್ದು ಎಂಬಿವೇ ಮೊದಲಾದ ಹಲವು ಅಪವಾದಗಳನ್ನು ಆ ಉದ್ಗಾರ ಒಮ್ಮೆಗೇ ಹೊರಿಸಿಬಿಡುತ್ತದೆ. ನಿಲ್ದಾಣದ ಬೇಲಿಯಾಚೆ ನಿಂತು ವಿಮಾನಗಳ ಜಾತಿ, ಕುಲ, ಬಾಲದ ಅಕ್ಷರಗಳನ್ನು ಗುರುತಿಸುವುದನ್ನೇ ಒಂದು ವ್ಯಸನವಾಗಿ ಬೆಳೆಸಿಕೊಂಡ ನಮ್ಮಂಥವರ ಕಿವಿಗೆ ಈ ಮಾತು ಪದೇ ಪದೇ ಬೀಳುವುದರಿಂದ, ಇದರಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಕೇವಲ ಭ್ರಮೆ ಎಂಬುದನ್ನು ವಿಚಾರಿಸಿ ನೋಡುವುದು ಅಪ್ರಸ್ತುತವಾಗಲಾರದು.

ಹಳತೆಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಪಂಖವನ್ನು ಕಂಡವರಿಗೆ ಹಳೆಯ ಡಕೋಟಾ ವಿಮಾನ ನೆನಪಾಗುವುದು ಸಹಜ. ಆದರೆ ಡಕೋಟಾದ ಪಂಖವನ್ನು ತಿರುಗಿಸುತ್ತಿದ್ದುದು ಮೋಟಾರು ಕಾರಿನ ವಂಶಕ್ಕೆ ಸೇರಿದ ಪಿಸ್ಟನ್ ಎಂಜಿನ್, ಎಟಿಆರ್‌ನ ಪಂಖವನ್ನು ತಿರುಗಿಸುವುದಾದರೋ ಜೆಟ್ ವಿಮಾನದ ಒಡಲೊಳಗೆ ಉರಿಯುವಂಥದೇ ಅನಿಲ ಟರ್ಬೈನು. ದೊಡ್ಡ ಜೆಟ್ಟಿನ ಎಂಜಿನ್ನಿಗೂ ಮುಂಭಾಗದಲ್ಲಿ ಫ್ಯಾನ್ ಇದ್ದೇ ಇದೆ. ಅಲ್ಲಿ ಅದು ಕವಚದೊಳಗೆ ಅಡಗಿದೆ, ಇಲ್ಲಿ ಬಯಲಿಗೆ ಬಂದಿದೆ. ಇತಿಹಾಸದ ಸಾಕ್ಷ್ಯವೂ ಹೀಗೆಯೇ ಇದೆ: ಟರ್ಬೈನಿನಿಂದ ಪಂಖ ತಿರುಗಿಸಿದ ಮೊದಲ ಪ್ರಯಾಣಿಕ ವಿಮಾನವಾದ ವಿಕರ್ಸ್ ವೈಕೌಂಟ್ ಮೊದಲಿಗೆ ಹಾರಿದ್ದು 1948ರ ಜುಲೈ ತಿಂಗಳಲ್ಲಿ, ಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಕಾಮೆಟ್ ಹಾರಿದ್ದು 1949ರ ಜುಲೈಯಲ್ಲಿ. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಇವರಿಬ್ಬರಲ್ಲಿ ಒಬ್ಬರನ್ನು ಮುತ್ತಜ್ಜನೆಂದೂ ಇನ್ನೊಬ್ಬರನ್ನು ಮೊಮ್ಮಗನೆಂದೂ ಕರೆಯುವುದು ನ್ಯಾಯವಲ್ಲ. ಫ್ರಾನ್ಸ್ ಮತ್ತು ಇಟಲಿಯ ಸಂಸ್ಥೆಗಳೆರಡು 1981ರಲ್ಲಿ ಕೂಡಿ ಕಟ್ಟಿದ ಎಟಿಆರ್ ಸಂಸ್ಥೆಯ 72ರ ಮಾದರಿ ಮೊದಲು ಹಾರಿದ್ದು 1988ರಲ್ಲಾದರೂ, ಇಂದು ನಮ್ಮ ಊರುಗಳಿಗೆ ಬರುವ 72-600 ಎಂಬ ಪರಿಷ್ಕೃತ ರೂಪ ಸೇವೆಗೆ ಸೇರಿದ್ದು 2011ರಲ್ಲಿ. ಇದಕ್ಕೆ ಪ್ರತಿಯಾಗಿ, ಬೆಂಗಳೂರು, ಬೆಳಗಾವಿ, ಕಲಬುರಗಿಗಳ ನಡುವೆ ಸ್ಟಾರ್ ಏರ್ ಹಾರಿಸಿದ, ಜೆಟ್ ಎಂಬ ಕಾರಣಕ್ಕೇ ಜನ “ಹೊಸದು” ಎಂದುಕೊಳ್ಳುವ ಬ್ರೆಜಿಲಿನ ಎಂಬ್ರೇಯರ್ 145, 1995ರಲ್ಲಿ ಮೊದಲು ಹಾರಿದ ವಿನ್ಯಾಸ.

ನಿಧಾನವೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಅದನ್ನು ಅಲ್ಲಗಳೆಯಬೇಕಾಗಿಲ್ಲ, ಅಳೆಯಬೇಕಾಗಿದೆ. ಎಟಿಆರ್ ಗಂಟೆಗೆ ಸುಮಾರು 510 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಜೆಟ್ 800ರ ಆಸುಪಾಸಿನಲ್ಲಿ ಸಾಗುತ್ತದೆ. ಬೆಂಗಳೂರಿನ ನಿಲ್ದಾಣಕ್ಕೂ ಹುಬ್ಬಳ್ಳಿಯ ನಿಲ್ದಾಣಕ್ಕೂ ಆಕಾಶಮಾರ್ಗದಲ್ಲಿ ಇರುವ ದೂರ ಸುಮಾರು 370 ಕಿಲೋಮೀಟರ್. ಎರಡೂ ವಿಮಾನಗಳು ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ತಮ್ಮ ಪೂರ್ಣ ವೇಗದಲ್ಲೇ ಸಾಗುತ್ತವೆಂದು ಜೆಟ್ಟಿಗೆ ಅನುಕೂಲವಾಗುವಂತೆಯೇ ಭಾವಿಸಿಕೊಂಡರೂ, ಒಂದಕ್ಕೆ 44 ನಿಮಿಷ, ಇನ್ನೊಂದಕ್ಕೆ 28 ನಿಮಿಷ. ವ್ಯತ್ಯಾಸ 16 ನಿಮಿಷ. ವಾಸ್ತವದಲ್ಲಿ ಜೆಟ್ ತನ್ನ ಎತ್ತರವನ್ನೇರಿ ಪೂರ್ಣ ವೇಗಕ್ಕೆ ಬರುವಷ್ಟರಲ್ಲಿ ಇಳಿಯುವ ಸಿದ್ಧತೆಯನ್ನು ಆರಂಭಿಸಬೇಕಾಗುವುದರಿಂದ, ಆ ಹದಿನಾರು ನಿಮಿಷವೂ ಪೂರ್ತಿಯಾಗಿ ಕೈಗೆ ದಕ್ಕುವುದಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಇದಕ್ಕಿಂತ ಹೆಚ್ಚು ಕಾಲವನ್ನು ಕಳೆದುಕೊಂಡು ಬಂದವರು ವಿಮಾನದ ನಿಧಾನವನ್ನು ಕುರಿತು ದೂರುವುದು ವಿನೋದವೇ ಸರಿ. ದೆಹಲಿಗೋ ಕೋಲ್ಕತ್ತಕ್ಕೋ ಹೋಗುವುದಾದರೆ ಜೆಟ್ಟೇ ಬೇಕು. ಅಲ್ಲಿ ವೇಗಕ್ಕೆ ಬೆಲೆಯುಂಟು. ಅಲ್ಪ ದೂರದಲ್ಲಿ ಬೆಲೆಯಿರುವುದು ಇಂಧನದ ಮಿತವ್ಯಯಕ್ಕೆ. ನಿಧಾನವಾಗಿ, ಕೆಳಗಿನ ದಟ್ಟ ಗಾಳಿಯಲ್ಲಿ, ಬಹಳಷ್ಟು ಗಾಳಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳುವ ದೊಡ್ಡ ಪಂಖವು ಅದೇ ಕೆಲಸಕ್ಕೆ ಜೆಟ್ಟಿಗಿಂತ ಗಣನೀಯವಾಗಿ ಕಡಿಮೆ ಇಂಧನವನ್ನು ಬೇಡುತ್ತದೆ. ನಮ್ಮ ದೇಶದಲ್ಲಿ 80ಕ್ಕಿಂತ ಕಡಿಮೆ ಆಸನಗಳ ವಿಮಾನಗಳಿಗೆ ಇಳಿದಾಣ ಶುಲ್ಕದಿಂದ ವಿನಾಯಿತಿ ದೊರೆತಿರುವುದೂ ಇದರೊಡನೆ ಸೇರಿದೆ. ಇಂಡಿಗೊ ತನ್ನ ಎಟಿಆರ್‌ಗಳಲ್ಲಿ 78 ಆಸನಗಳನ್ನಿಟ್ಟಿರುವುದನ್ನು ಕಂಡವರು ಈ ಲೆಕ್ಕಾಚಾರವನ್ನು ಊಹಿಸಬಹುದು. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರನ್ನು ನೆಲೆಯಾಗಿಟ್ಟುಕೊಂಡು ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದಾಗ ಜೆಟ್ಟನ್ನು ಬಿಟ್ಟು ಎಟಿಆರ್ 42ನ್ನೇ ಆರಿಸಿಕೊಂಡದ್ದು ಬಡತನದಿಂದಲ್ಲ, ಗಣಿತದಿಂದ. ಮೈಸೂರಿನ ಓಡುದಾರಿಯ ಉದ್ದ 1,740 ಮೀಟರ್ ಮಾತ್ರ ಎಂಬುದನ್ನು ನೆನೆದರೆ, ಅಲ್ಲಿಗೆ ಪಂಖದ ವಿಮಾನವೇ ಬರುವುದು ಅವಮಾನವೆಂದು ಯಾರೂ ಭಾವಿಸಲಾರರು.

ಇನ್ನು ಪ್ರಯಾಣಿಕರನ್ನು ನಿಜವಾಗಿ ಕಳವಳಗೊಳಿಸುವ ದೃಶ್ಯಗಳಿಗೆ ಬರೋಣ. ಎಟಿಆರ್‌ಗೆ ಹತ್ತುವ ಬಾಗಿಲು ಹಿಂಭಾಗದಲ್ಲಿದೆ. ಬಾಗಿಲೇ ಮಡಚಿಕೊಂಡು ಕೆಳಗಿಳಿದು ಮೆಟ್ಟಿಲಾಗುತ್ತದೆ. ಆ ಮೆಟ್ಟಿಲಿನ ಬಳಿ ನಿಂತವರಿಗೆ ಬಲಗಡೆಯ ಎಂಜಿನ್ನಿನ ಸಿಳ್ಳಿನಂಥ ಧ್ವನಿ ಸ್ಪಷ್ಟವಾಗಿ ಕೇಳಿಬರುತ್ತದೆ, ಆದರೆ ಅದರ ಪಂಖ ಮಾತ್ರ ಅಲುಗದೆ ನಿಂತಿರುತ್ತದೆ. “ಎಂಜಿನ್ ಓಡುತ್ತಿದೆ, ಫ್ಯಾನ್ ಕೆಟ್ಟಿದೆ” ಎಂಬ ತೀರ್ಮಾನಕ್ಕೆ ಬರಲು ಇದಕ್ಕಿಂತ ಹೆಚ್ಚಿನ ಪ್ರಮಾಣ ಏನು ಬೇಕು? ವಾಸ್ತವವೇನೆಂದರೆ, ನೆಲದ ಮೇಲೆ ನಿಂತಿರುವಾಗ ದೀಪಕ್ಕೂ ತಂಪು ಗಾಳಿಗೂ ಬೇಕಾದ ಶಕ್ತಿಯನ್ನು ಒದಗಿಸಲು ದೊಡ್ಡ ಜೆಟ್ಟುಗಳ ಬಾಲದಲ್ಲಿ ಪ್ರತ್ಯೇಕವಾದೊಂದು ಪುಟ್ಟ ಎಂಜಿನ್ ಇರುತ್ತದೆ, ಎಟಿಆರ್‌ನಲ್ಲಿ ಅದಿಲ್ಲ. ಆ ಭಾರವನ್ನು ಉಳಿಸುವುದಕ್ಕಾಗಿ, ಬಲಗಡೆಯ ಎಂಜಿನ್ನಿನ ಪಂಖವನ್ನು ಬ್ರೇಕಿನಿಂದ ಹಿಡಿದು ನಿಲ್ಲಿಸಿ, ಒಳಗಿನ ಟರ್ಬೈನನ್ನು ಮಾತ್ರ ಓಡಿಸಿಕೊಂಡು ಆ ಕೆಲಸವನ್ನು ನಡೆಸುವ ಉಪಾಯವನ್ನು ವಿನ್ಯಾಸಕಾರರು ಮಾಡಿರುವರು. ಪೈಲಟರು ಇದನ್ನು ‘ಹೋಟೆಲ್ ಮೋಡ್’ ಎನ್ನುವರು. ಹಾಗೆಯೇ ಬಾಲದ ಕೆಳಗೆ ಊರುಗೋಲಿನಂತೆ ಒಂದು ಕಂಬವನ್ನು ನಿಲ್ಲಿಸಿರುವುದನ್ನು ಕಂಡು ವಿಮಾನ ಮುರಿದಿದೆಯೆಂದು ಭಾವಿಸುವವರುಂಟು: ಹಿಂಬಾಗಿಲಿನಿಂದ ಜನ ಒಮ್ಮೆಗೇ ಹತ್ತಿ ಹಿಂಭಾಗವೇ ಭಾರವಾದರೆ ಮೂಗು ಮೇಲೇಳದಿರಲೆಂದು ಇಟ್ಟ ಮುನ್ನೆಚ್ಚರಿಕೆ ಅದು, ಹೊರಡುವ ಮುನ್ನ ತೆಗೆದಿಡುವರು. ಅರ್ಧ ತುಂಬಿದ ವಿಮಾನದಲ್ಲಿ ಗಗನಸಖಿ ಬಂದು “ದಯವಿಟ್ಟು ಹಿಂದಿನ ಸಾಲಿಗೆ ಹೋಗಿ” ಎಂದಾಗ ವಿಮಾನ ದುರ್ಬಲವೆಂದುಕೊಳ್ಳುವವರಿಗೂ ಇದೇ ಉತ್ತರ. ತೂಕದ ಸಮತೋಲನದ ಲೆಕ್ಕ ದೊಡ್ಡ ವಿಮಾನಗಳಲ್ಲಿಯೂ ಪ್ರತಿ ಹಾರಾಟಕ್ಕೂ ನಡೆಯುತ್ತದೆ. ಚಿಕ್ಕದರಲ್ಲಿ ಹತ್ತು ಜನರ ಸ್ಥಾನ ಬದಲಾದರೆ ಆ ಲೆಕ್ಕದಲ್ಲಿ ಅದು ಬೇಗ ಕಾಣಿಸಿಕೊಳ್ಳುತ್ತದೆ, ಅಷ್ಟೆ.

ಕಿಟಕಿಯ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಚಿತ್ರ ತೆಗೆದವರ ಕಳವಳ ಇನ್ನೊಂದು ಬಗೆಯದು. ಆರು ಅಲಗುಗಳ ಪಂಖ ಬಾಳೆಯೆಲೆಯಂತೆ ಬಾಗಿದ್ದು, ಕೆಲವು ಅಲಗುಗಳು ಬುಡದಿಂದ ಕಳಚಿ ಗಾಳಿಯಲ್ಲಿ ತೇಲುತ್ತಿರುವಂತೆ ಆ ಚಿತ್ರದಲ್ಲಿ ಕಾಣುತ್ತದೆ. ಮೊಬೈಲಿನ ಕ್ಯಾಮೆರಾ ದೃಶ್ಯವನ್ನು ಒಂದೇ ಕ್ಷಣದಲ್ಲಿ ಗ್ರಹಿಸದೆ ಸಾಲುಸಾಲಾಗಿ ಓದಿಕೊಳ್ಳುತ್ತದೆ. ಹೊರಡುವಾಗ ನಿಮಿಷಕ್ಕೆ 1,200 ಸುತ್ತು ತಿರುಗುವ ಪಂಖವು ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಎಷ್ಟೋ ಮುಂದೆ ಸರಿದಿರುತ್ತದೆ. ವಕ್ರತೆ ಕ್ಯಾಮೆರಾದ್ದು, ಪಂಖದ್ದಲ್ಲ.

ಅಪಾಯದ ಮಾತನ್ನು ಹಗುರವಾಗಿ ಆಡಲಾಗದು. ಒಂದು ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದೆಂಬ ಕಲ್ಪನೆ ಮಾತ್ರ ತಪ್ಪು. ಎಪ್ಪತ್ತು ಆಸನದ ಎಟಿಆರ್‌ಗೂ ಮುನ್ನೂರು ಆಸನದ ಜೆಟ್ಟಿಗೂ ಪ್ರಮಾಣಪತ್ರ ನೀಡುವ ನಿಯಮಾವಳಿ ಒಂದೇ ವರ್ಗದ್ದು. ಓಡುದಾರಿಯಲ್ಲಿ ನಿರ್ಣಾಯಕ ವೇಗವನ್ನು ಮೀರಿದ ಮೇಲೆ ಒಂದು ಎಂಜಿನ್ ಕೈಕೊಟ್ಟರೂ ಉಳಿದ ಒಂದರಿಂದಲೇ ಮೇಲೇರಬಲ್ಲೆನೆಂದು ವಿಮಾನ ತೋರಿಸಿಕೊಡಬೇಕು. ನಿಂತ ಎಂಜಿನ್ನಿನ ಪಂಖವು ಗಾಳಿಗೆ ಅಡ್ಡಗೋಡೆಯಾಗದಂತೆ ಅದರ ಅಲಗುಗಳನ್ನು ಗಾಳಿಯ ದಿಕ್ಕಿಗೆ ಅಂಚು ಕೊಟ್ಟು ತಿರುಗಿಸಿಡುವ ವ್ಯವಸ್ಥೆಯೂ ಇದೆ. ಆದರೆ ರಕ್ಷಣೆಗೆಂದು ಇಟ್ಟ ಈ ವ್ಯವಸ್ಥೆಯೇ ತಪ್ಪು ಕೈಯಲ್ಲಿ ಎಂಥ ಅನಾಹುತಕ್ಕೆ ಕಾರಣವಾದೀತೆಂಬುದಕ್ಕೆ 2023ರ ಜನವರಿ 15ರಂದು ನೇಪಾಳದ ಪೊಖರಾದಲ್ಲಿ 72 ಜನರನ್ನು ಬಲಿತೆಗೆದುಕೊಂಡ ದುರಂತವೇ ನಿದರ್ಶನ: ಇಳಿಯುವ ಮುನ್ನ ಬೇರೊಂದು ಸನ್ನೆಕೋಲಿನ ಬದಲಿಗೆ ಪಂಖದ ಸನ್ನೆಕೋಲುಗಳು ಎಳೆಯಲ್ಪಟ್ಟು, ಎಂಜಿನ್‌ಗಳು ಓಡುತ್ತಿದ್ದಂತೆಯೇ ಎರಡೂ ಪಂಖಗಳ ಅಲಗುಗಳು ಗಾಳಿಗೆ ಅಂಚು ಕೊಟ್ಟುಕೊಂಡವು. ಹಿಮದ ವಿಷಯದಲ್ಲಿಯೂ ಎಟಿಆರ್ ಕಹಿ ಪಾಠ ಕಲಿತಿದೆ. 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾ ಪ್ರಾಂತದಲ್ಲಿ ರೆಕ್ಕೆಯ ಮೇಲೆ ಹಿಮ ಕಟ್ಟಿ 68 ಜನ ಸತ್ತ ಮೇಲೆ, ಹಿಮವನ್ನು ಒಡೆದುಹಾಕುವ ರಬ್ಬರಿನ ಪಟ್ಟಿಗಳನ್ನು ರೆಕ್ಕೆಯ ಮುಂದಿನ ಅಂಚಿನಲ್ಲಿ ಹೆಚ್ಚು ಅಗಲಕ್ಕೆ ವಿಸ್ತರಿಸಿದರು. ಇವನ್ನೆಲ್ಲ ತೂಗಿನೋಡಿದರೆ, ಸುರಕ್ಷತೆಯನ್ನು ನಿರ್ಧರಿಸುವುದು ಪಂಖವೋ ಜೆಟ್ಟೋ ಎಂಬುದಕ್ಕಿಂತ ಹೆಚ್ಚಾಗಿ ಪೈಲಟರ ಶಿಕ್ಷಣ, ಹವೆಯ ವಿವೇಚನೆ ಮತ್ತು ಸಂಸ್ಥೆಯ ಶಿಸ್ತು ಎಂಬುದು ನನ್ನ ಅಭಿಪ್ರಾಯ.

ಕುಲುಕಾಟದ ದೂರು ಅರ್ಧ ನಿಜ. ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವುದಿಲ್ಲವಾದುದರಿಂದ, ಜೆಟ್ ಮೇಲಿಂದ ದಾಟುವ ಎಷ್ಟೋ ಮುಂಗಾರಿನ ಮೋಡಗಳ ನೆರೆಯಲ್ಲಿಯೇ ಇದು ಸಾಗಬೇಕು. ಆದರೆ “ಗಾಳಿಯ ಗುಂಡಿ” ಎಂಬುದೊಂದು ಆಕಾಶದಲ್ಲಿಲ್ಲ. ಇರುವುದು ಏರುವ, ಇಳಿಯುವ ಪ್ರವಾಹಗಳು.

ಹೆಸರಿನ ಸಂಖ್ಯೆಗಳೂ ಜನರನ್ನು ದಾರಿತಪ್ಪಿಸುತ್ತವೆ. ಎಂಬ್ರೇಯರ್ 145ರಲ್ಲಿ ಇರುವುದು ಸುಮಾರು 50 ಆಸನ. ಅದೇ ಸಂಸ್ಥೆಯ 175ನ್ನು ಸ್ಟಾರ್ ಏರ್ 76 ಆಸನಗಳೊಡನೆ ಹಾರಿಸುತ್ತದೆ. ಎಟಿಆರ್ ಮತ್ತು ಕೆನಡಾದ ಕ್ಯೂ400, ಎರಡೂ ರೆಕ್ಕೆಯನ್ನು ಬೆನ್ನ ಮೇಲೆ ಹೊತ್ತು, ಬಾಲದ ತುದಿಯಲ್ಲಿ ಇಂಗ್ಲಿಷಿನ ಟಿ ಅಕ್ಷರವನ್ನು ಧರಿಸಿರುವುದರಿಂದ, ಎರಡೂ ಒಂದೇ ಎನ್ನುವವರು ಹಲವರು. ಗುರುತು ಸುಲಭ: ಎಟಿಆರ್‌ನ ಚಕ್ರಗಳು ಹೊಟ್ಟೆಯ ಇಕ್ಕೆಲದ ಉಬ್ಬುಗಳೊಳಗೆ ಮಡಚಿಕೊಳ್ಳುತ್ತವೆ, ಕ್ಯೂ400ರ ಉದ್ದನೆಯ ಕಾಲುಗಳು ಎಂಜಿನ್ನಿನ ಕೆಳಗಿಂದಲೇ ಇಳಿದುಬರುತ್ತವೆ. ಗಂಟೆಗೆ 660 ಕಿಲೋಮೀಟರಿಗೂ ಮೀರಿದ ವೇಗದ ಕ್ಯೂ400, ನಿಧಾನವೆಂಬ ಆಕ್ಷೇಪಣೆಗೆ ತನ್ನದೇ ಆದ ಉತ್ತರವನ್ನು ಕೊಟ್ಟಿದೆ. ಇಂಧನದಲ್ಲಿ ಅದಕ್ಕೆ ಬೆಲೆ ತೆತ್ತಿದೆ.

ವಿಮಾನ ನೋಡುವವರೇ ಹರಡುವ ಒಂದು ಭ್ರಮೆಯೂ ಇದೆ. ಭಾರತದ ವಿಮಾನಗಳ ಮೇಲಿನ ‘ವಿಟಿ’ ಎಂಬ ಅಕ್ಷರಗಳು ‘ವೈಸರಾಯರ ಪ್ರಾಂತ’ ಎಂಬುದರ ಸಂಕ್ಷೇಪವಂತೆ! ಇವು ರೇಡಿಯೋ ಸಂಕೇತಗಳ ಅಂತರರಾಷ್ಟ್ರೀಯ ಹಂಚಿಕೆಯಲ್ಲಿ ಬಂದವು, ಆಗ ಬ್ರಿಟಿಷ್ ಆಧಿಪತ್ಯದ ಹಲವು ದೇಶಗಳಿಗೆ ‘ವಿ’ಯಿಂದ ಆರಂಭವಾಗುವ ಗುರುತುಗಳು ದೊರೆತವು, ಆಸ್ಟ್ರೇಲಿಯಾ ಇಂದಿಗೂ ‘ವಿಎಚ್’ ಬರೆಯುತ್ತದೆ. ದಾಸ್ಯದ ಕುರುಹು ಹೌದಾದರೆ ಅದು ಸರಣಿಯಲ್ಲಿದೆ, ವೈಸರಾಯರ ಹೆಸರಿನಲ್ಲಿಲ್ಲ.

ವಿಮಾನದ ಚಿತ್ರ ತೆಗೆಯುವವರೆಲ್ಲ ಗೂಢಚಾರರೆಂಬ ಸಂಶಯವೂ, ತೆಗೆಯಲು ಯಾವ ಅಡ್ಡಿಯೂ ಇಲ್ಲವೆಂಬ ಧೈರ್ಯವೂ ಸಮಾನವಾಗಿ ತಪ್ಪು. 2001ರಲ್ಲಿ ಗ್ರೀಸಿನ ಕಲಮಾಟಾ ವಾಯುನೆಲೆಯಲ್ಲಿ ಬಂಧಿತರಾದ ಬ್ರಿಟಿಷ್ ಮತ್ತು ಡಚ್ ಹವ್ಯಾಸಿಗಳು ಮೇಲ್ಮನವಿಯಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾಗಲು ಮರು ವರ್ಷದ ಕೊನೆಯವರೆಗೆ ಕಾಯಬೇಕಾಯಿತು. ನಮ್ಮಲ್ಲಿಯೂ ನಿಲ್ದಾಣದ ಆವರಣದೊಳಗೆ ಚಿತ್ರ ತೆಗೆಯುವುದಕ್ಕೆ ನಿರ್ಬಂಧಗಳುಂಟು. ಬೀದರಿನಂತೆ ವಾಯುಪಡೆಯ ನೆಲೆಯೊಳಗಿಂದ ನಾಗರಿಕ ವಿಮಾನ ಹೊರಡುವ ಕಡೆಯಂತೂ ಕ್ಯಾಮೆರಾವನ್ನು ಚೀಲದಲ್ಲಿಯೇ ಇಟ್ಟಿರುವುದು ಲೇಸು. ಮಿಕ್ಕ ಕಡೆ, ಎಟಿಆರ್‌ನಲ್ಲಿ ಟಿಕೆಟ್ ದೊರೆತವರು ಹಿಂದಿನ ಸಾಲುಗಳ ಕಿಟಕಿಯನ್ನು ಕೇಳಿ ಪಡೆಯಲಿ: ಪಂಖದ ಸದ್ದು ಅಲ್ಲಿ ಕಡಿಮೆ, ರೆಕ್ಕೆ ಮೇಲಿರುವುದರಿಂದ ಕೆಳಗಿನ ಕೆರೆ, ತೋಟ, ಬೆಟ್ಟಗಳಿಗೆ ಮರೆಯೂ ಇಲ್ಲ, ಮತ್ತು ಹುಬ್ಬಳ್ಳಿಯಲ್ಲಿ ಮೊದಲು ಇಳಿಯುವವರೂ ಅವರೇ.