ಒಗ್ಗಿದ ಆಹಾರ ಒಗ್ಗದಾದಾಗ

ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರಿಗೆ ಸಿಗಡಿಯ ಗಸಿಯೆಂದರೆ ಊರಿನ ನೆನಪು. ಬಾಲ್ಯದಿಂದ ಉಂಡ ಆ ಪದಾರ್ಥವೇ ನಲವತ್ತರ ವಯಸ್ಸಿನಲ್ಲಿ ಮೈತುಂಬ ದದ್ದು, ತುಟಿಯ ಊತ, ಉಬ್ಬಸಗಳನ್ನು ತರಬಹುದೆಂದರೆ ಹಲವರು ನಂಬಲಾರರು. "ಇಷ್ಟು ವರ್ಷ ಆಗದ್ದು ಈಗೇಕೆ?" ಎಂದು ಕೇಳುವರು.

ಅಲರ್ಜಿಗೆ ವಯಸ್ಸಿನ ಕಟ್ಟುಪಾಡಿಲ್ಲ. ಪ್ರೌಢರಲ್ಲಿ ಹೊಸದಾಗಿ ತಲೆದೋರುವ ಆಹಾರದ ಅಲರ್ಜಿಗಳಲ್ಲಿ ಸಿಗಡಿ, ಏಡಿಗಳಿಂದಾಗುವುದು ಪ್ರಮುಖವಾದುದು. ಅವುಗಳಲ್ಲಿರುವ ಟ್ರೊಪೊಮಯೋಸಿನ್ ಎಂಬ ಪ್ರೋಟೀನು ಬೇಯಿಸಿದರೂ ನಾಶವಾಗದು. ಮನೆಯ ಧೂಳಿನ ನುಸಿ, ಜಿರಳೆಗಳಲ್ಲಿಯೂ ಅದನ್ನು ಹೋಲುವ ಪ್ರೋಟೀನಿದೆ. ಆದುದರಿಂದ ಅವುಗಳ ವಿರುದ್ಧ ಎಚ್ಚೆತ್ತ ದೇಹದ ರಕ್ಷಣಾ ವ್ಯವಸ್ಥೆಯು ಕೆಲವರಲ್ಲಿ ಸಿಗಡಿಯನ್ನೂ ಶತ್ರುವೆಂದೇ ಭ್ರಮಿಸುತ್ತದೆ.

ಲಕ್ಷಣಗಳು ಸಾಮಾನ್ಯವಾಗಿ ಉಂಡ ಕೆಲವು ನಿಮಿಷಗಳಿಂದ 2 ಗಂಟೆಗಳೊಳಗೆ ತೋರುತ್ತವೆ. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಮನೆಮದ್ದಿಗೆಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಆಗ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಪ್ರಾಣರಕ್ಷಕ. ಮೊದಲ ಸಲ ಬರಿಯ ತುರಿಕೆಯಾಗಿದ್ದುದು ಮುಂದಿನ ಸಲ ಅಷ್ಟಕ್ಕೇ ನಿಂತೀತೆಂಬ ಭರವಸೆಯಿಲ್ಲ. "ಒಂದಿಷ್ಟು ತಿಂದು ನೋಡೋಣ" ಎಂಬ ಪರೀಕ್ಷೆ ಮನೆಯಲ್ಲಿ ಸಲ್ಲದು. ಅದು ತಜ್ಞವೈದ್ಯರ ಕೆಲಸ.

ನೆಂಟರಿಷ್ಟರೂ ಇದನ್ನು ಅರಿಯಬೇಕು. ಬೇಡವೆಂದವರಿಗೆ ಒತ್ತಾಯಿಸಿ ಬಡಿಸದಿರುವುದೂ ಸತ್ಕಾರವೇ.