ಹಾರಿಸುವುದಕ್ಕಿಂತ ಉರುಳಿಸುವುದು ಲೇಸು: ಗಾಲ್ಫಿನ ಕಿರುಹೊಡೆತಕ್ಕೆ ಕೋಲಿನ ಆಯ್ಕೆ

ಕೊಯ್ಲು ಮುಗಿದು, ಕಣ ಬರಿದಾಗಿ, ಹೂಮಳೆಗಾಗಿ ಮುಗಿಲು ನೋಡುತ್ತ ಕುಳಿತಿರುವ ಈ ದಿನಗಳಲ್ಲಿ ಕಾಂಡಕೊರಕದ ಮಾತು, ಕೊಳೆರೋಗದ ಮಾತು ಬಿಟ್ಟು ಆಟದ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಅದರಲ್ಲೂ ಗಾಲ್ಫ್! ಅದು ದೊಡ್ಡ ಎಸ್ಟೇಟಿನವರ ಆಟ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಕಾರಣವೂ ಉಂಟು. ನಮ್ಮ ನಾಡಿಗೆ ಈ ಆಟವನ್ನು ತಂದವರು ಬ್ರಿಟಿಷರು. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಇಂದು ಚಿಕ್ಕಮಗಳೂರು, ಮಡಿಕೇರಿ, ಬಿಟ್ಟಂಗಾಲಗಳಲ್ಲೂ ಗಾಲ್ಫ್ ಮೈದಾನಗಳಿವೆ. ನಮ್ಮಂಥ ಸಣ್ಣ ಬೆಳೆಗಾರರೂ ಅಲ್ಲಿಗೆ ಹೋಗಿ ಆಡತೊಡಗಿದ್ದಾರೆ.

ಆರೆಕರೆ ಕಾಫಿ, ಎರಡೆಕರೆ ಅಡಿಕೆಯ ಒಡೆಯನಾದ ನನ್ನನ್ನು ಈ ಆಟಕ್ಕೆ ಎಳೆದವರು ನಮ್ಮ ಭಾವ. ಅರವತ್ತು ದಾಟಿದ ಮೇಲೆ ಒಮ್ಮೆ ಏಣಿಯಿಂದ ಜಾರಿ ಬಿದ್ದು ಬಲಭುಜಕ್ಕೆ ಪೆಟ್ಟಾಯಿತು. ಅಲ್ಲಿಂದ ಚೆಂಡು ದೂರ ಹೋಗದು. ಇನ್ನು ಆಟ ಸಾಕು ಎಂದು ಮನಸ್ಸು ಮಾಡಿದ್ದೆ.

ಆಡುವ ದಾಂಡಿಗೂ ಕ್ಲಬ್ ಎಂದೇ ಹೆಸರಿರುವುದರಿಂದ, ಗೊಂದಲ ಬೇಡವೆಂದು ಇಲ್ಲಿ ಅದನ್ನು ಕೋಲು ಎನ್ನುತ್ತೇನೆ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸಿಗೆ ಗ್ರೀನ್ ಎನ್ನುತ್ತಾರೆ. ಒಂದು ದಿನ ನನ್ನ ಚೆಂಡು ಗ್ರೀನಿನಿಂದ ಎರಡೇ ಹೆಜ್ಜೆ ಹೊರಗೆ ನಿಂತಿತ್ತು. ಚೆಂಡನ್ನು ಎತ್ತರಕ್ಕೆ ಹಾರಿಸುವ ಸ್ಯಾಂಡ್ ವೆಡ್ಜನ್ನೇ ತೆಗೆದು ಎತ್ತಿ ಹೊಡೆದೆ. ಕೋಲಿನ ತುದಿ ಚೆಂಡಿನ ನಡುವಿಗೆ ತಗಲಿ, ಅದು ಗ್ರೀನನ್ನೇ ದಾಟಿ ಆಚೆಯ ಪೊದೆ ಸೇರಿತು. ಚೀಲ ಹೊತ್ತು ಬಂದಿದ್ದ ಹಿರಿಯ ಕ್ಯಾಡಿ ನಗಲಿಲ್ಲ.

“ಗೌಡ್ರೇ, ಮಧ್ಯ ಗುಂಡಿ ಇಲ್ಲ, ಪೊದೆ ಇಲ್ಲ, ನೆಲ ನೆಟ್ಟಗಿದೆ. ನಡ್ಕೊಂಡು ಹೋಗೋಕೆ ದಾರಿ ಇರೋವಾಗ ಯಾರಾದ್ರೂ ಹಾರ್ತಾರಾ?” ಎಂದು ಕೇಳಿ, ಇನ್ನೊಂದು ಚೆಂಡು ಇಟ್ಟು, ನನ್ನ ಕೈಗೆ 7ನೇ ನಂಬರಿನ ಕೋಲು ಕೊಟ್ಟರು. ಈ ಲೇಖನದ ತಾತ್ಪರ್ಯವೆಲ್ಲ ಅವರ ಆ ಒಂದು ಮಾತಿನಲ್ಲಿದೆ.

ಕೋಲಿನ ಲೆಕ್ಕ

ಗ್ರೀನಿನ ಅಂಚಿನಿಂದ ಚೆಂಡನ್ನು ಸ್ವಲ್ಪ ಹಾರಿಸಿ, ಉಳಿದ ದೂರ ಉರುಳಿಸುವ ಹೊಡೆತಕ್ಕೆ ಚಿಪ್ ಎಂದು ಹೆಸರು. ಕೋಲಿನ ಮುಖ ಹಿಂದಕ್ಕೆ ಮಲಗಿದಷ್ಟೂ ಚೆಂಡು ಹೆಚ್ಚು ಹಾರಿ ಕಡಿಮೆ ಉರುಳುತ್ತದೆ. 7ನೇ ನಂಬರಿನ ಮುಖದ ಓರೆ ಸುಮಾರು 30ರಿಂದ 35 ಡಿಗ್ರಿ. ಸ್ಯಾಂಡ್ ವೆಡ್ಜಿನದು ಸುಮಾರು 56 ಡಿಗ್ರಿ. ಮರಗಸಿಯ ಕತ್ತಿಯನ್ನು ಯಾರೂ ಕಾಫಿ ಗಿಡದ ಚಿಗುರು ತೆಗೆಯಲು ಬಳಸುವುದಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ.

ನೆನಪಿಡಲು ಸುಲಭವಾದ ಒಂದು ಲೆಕ್ಕವಿದೆ. 12ರಿಂದ ಕೋಲಿನ ನಂಬರನ್ನು ಕಳೆಯಿರಿ. ಚೆಂಡು ಒಂದು ಪಾಲು ಹಾರಿದರೆ, ಉಳಿದ ಸಂಖ್ಯೆಯಷ್ಟು ಪಾಲು ಉರುಳುತ್ತದೆ. ಪಿಚಿಂಗ್ ವೆಡ್ಜನ್ನು 10 ಎಂದೂ ಸ್ಯಾಂಡ್ ವೆಡ್ಜನ್ನು 11 ಎಂದೂ ಎಣಿಸಬೇಕು.

ಉದಾಹರಣೆಗೆ, ಚೆಂಡು ಗ್ರೀನಿನಿಂದ 2 ಹೆಜ್ಜೆ ಹೊರಗಿದೆ ಎಂದುಕೊಳ್ಳಿ. ಗ್ರೀನಿನ ಒಳಗೆ 1 ಹೆಜ್ಜೆಯಲ್ಲಿ ಅದು ನೆಲ ಮುಟ್ಟಲಿ. ಅಂದರೆ ಹಾರುವ ದೂರ 3 ಹೆಜ್ಜೆ. ಕುಳಿ ಚೆಂಡಿನಿಂದ 6 ಹೆಜ್ಜೆಯಲ್ಲಿದ್ದರೆ ಸ್ಯಾಂಡ್ ವೆಡ್ಜ್. 12 ಹೆಜ್ಜೆಯಲ್ಲಿದ್ದರೆ 9ನೇ ನಂಬರು. 18 ಹೆಜ್ಜೆಯಲ್ಲಿದ್ದರೆ 7ನೇ ನಂಬರು. ಬೀಳುವ ಜಾಗ ಒಂದೇ, ಬದಲಾಗುವುದು ಕೋಲು. ಈ ಲೆಕ್ಕ ಸಮತಟ್ಟಾದ ಗ್ರೀನಿಗೆ ಮಾತ್ರ. ಏರು ಇದ್ದರೆ ಮುಖ ಹೆಚ್ಚು ನೆಟ್ಟಗಿರುವ ಕೋಲು, ಇಳಿಜಾರಿದ್ದರೆ ಹೆಚ್ಚು ಓರೆಯ ಕೋಲು ಬೇಕು. ಮಳೆಗಾಲದ ಒದ್ದೆ ಹುಲ್ಲಿನಲ್ಲಿ ಚೆಂಡು ಕಡಿಮೆ ಉರುಳುವುದನ್ನೂ ಗಮನಿಸಬೇಕು. ಮಧ್ಯೆ ಮರಳುಗುಂಡಿ ಇದ್ದರೆ ಮಾತ್ರ ಎತ್ತರದ ಹೊಡೆತ ಅನಿವಾರ್ಯ.

ಹೊಡೆಯುವ ಕ್ರಮ

ಬಲಗೈಯವರು ಪಾದಗಳನ್ನು ಹತ್ತಿರ ಇಟ್ಟು, ಮೈಭಾರವನ್ನು ಎಡಗಾಲಿನ ಮೇಲೆ ಹೆಚ್ಚಾಗಿ ಬಿಡಬೇಕು. ಚೆಂಡು ನಡುವಿಗಿಂತ ಸ್ವಲ್ಪ ಬಲಗಾಲಿನ ಕಡೆಗಿರಲಿ. ಕೈಗಳು ಚೆಂಡಿಗಿಂತ ತುಸು ಮುಂದಿರಲಿ. ಹಿಡಿಯನ್ನು ಕೆಳಗಿಳಿಸಿ ಹಿಡಿದು, ಮಣಿಕಟ್ಟು ಮುರಿಯದೆ, ಭುಜಗಳಿಂದ ಮಾತ್ರ ತೂಗಬೇಕು. ಚೆಂಡನ್ನು ಎತ್ತಲು ಹೋಗಕೂಡದು. ಎತ್ತುವುದು ಕೋಲಿನ ಓರೆಯ ಕೆಲಸ. ನಾವು ಎತ್ತಲು ಹೋದಾಗಲೇ ಕೋಲು ಮೊದಲು ನೆಲಕ್ಕೆ ಬಡಿಯುತ್ತದೆ, ಇಲ್ಲವೆ ನನ್ನ ಚೆಂಡಿನಂತೆ ಪೊದೆ ಸೇರುತ್ತದೆ.

ಸಣ್ಣವನು ಗೆದ್ದ ಕಥೆ

ಇದು ಕೈಲಾಗದವರ ಸಮಾಧಾನದ ಮಾತಲ್ಲ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ 1908ರಲ್ಲಿ ಹುಟ್ಟಿದ ಪಾಲ್ ರನ್ಯಾನ್ ಹೈನುಗಾರರೊಬ್ಬರ ಮಗ. ಊರಿನ ಮೈದಾನದಲ್ಲಿ ಕ್ಯಾಡಿಯಾಗಿ ಆಟ ಕಲಿತವರು. ಸಣ್ಣ ಆಳು, ಚೆಂಡನ್ನು ದೂರ ಹೊಡೆಯಬಲ್ಲವರಲ್ಲ. ಆದುದರಿಂದ ಗ್ರೀನಿನ ಸುತ್ತಲಿನ ಆಟವನ್ನೇ ತಪಸ್ಸಿನಂತೆ ಸಾಧಿಸಿದರು. ಚೆಂಡಿಗೆ ತೀರ ಹತ್ತಿರ ನಿಂತು, ಕೋಲಿನ ಹಿಮ್ಮಡಿಯನ್ನು ನೆಲದಿಂದ ಸ್ವಲ್ಪ ಎತ್ತಿ, ಗ್ರೀನಿನ ಮೇಲೆ ಉರುಳಿಸುವಂತೆಯೇ ತೂಗುವುದು ಅವರ ರೀತಿ.

1938ರ ಪಿಜಿಎ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ಪೆನ್ಸಿಲ್ವೇನಿಯಾದ ಶಾನಿಯಲ್ಲಿ ನಡೆಯಿತು. ಎದುರಾಳಿ ಸ್ಯಾಮ್ ಸ್ನೀಡ್, ದೂರದ ಹೊಡೆತಕ್ಕೆ ಹೆಸರಾದ ಬಲಶಾಲಿ. ಅವರ ಚೆಂಡು ಬಹಳ ಮುಂದೆ ಹೋಗಿ ಬೀಳುತ್ತಿತ್ತು. ರನ್ಯಾನರ ಚೆಂಡು ಹಿಂದೆ ಬಿದ್ದರೂ ಕಡೆಗೆ ಕುಳಿಯ ಬಳಿ ನಿಲ್ಲುತ್ತಿತ್ತು. 36 ಕುಳಿಗಳ ಪಂದ್ಯ 29ನೇ ಕುಳಿಯಲ್ಲೇ ಮುಗಿಯಿತು. ಇನ್ನೂ 7 ಕುಳಿ ಬಾಕಿಯಿರುವಾಗಲೇ ರನ್ಯಾನ್ 8 ಕುಳಿಗಳ ಮುನ್ನಡೆ ಪಡೆದಿದ್ದರು. ಅವರಿಗಿದ್ದ ಅಡ್ಡಹೆಸರು ‘ಪುಟ್ಟ ವಿಷ’.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನೇ ನೋಡಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ದೂರದ ಹೊಡೆತದಲ್ಲಿ ಬಹುಮಂದಿಗಿಂತ ಹಿಂದಿದ್ದರೂ, ಗ್ರೀನಿನ ಮೇಲಿನ ಆಟದ ಬಲದಿಂದ ನಾಲ್ಕನೆಯ ಸ್ಥಾನಕ್ಕೆ ಏರಿದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಮನೆಯಲ್ಲೇ ಅಭ್ಯಾಸ

ನಿಯಮದಂತೆ ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದು. ಆದರೆ ಚಿಪ್ ಕಲಿಯಲು 7ನೇ ನಂಬರು, 9ನೇ ನಂಬರು ಮತ್ತು ಒಂದು ಸ್ಯಾಂಡ್ ವೆಡ್ಜ್ ಧಾರಾಳ ಸಾಕು. ಹಳೆಯವೇ ಆದರೂ ಅಡ್ಡಿಯಿಲ್ಲ. ಕಣದ ಪಕ್ಕದ ಹುಲ್ಲಿನ ಮೇಲೆ ಮೂರು ಹೆಜ್ಜೆ ದೂರದಲ್ಲಿ ಒಂದು ಗೋಣಿತಾಟು ಹಾಸಿ, ಪ್ರತಿ ಚೆಂಡೂ ಅದರ ಮೇಲೆಯೇ ಬೀಳುವಂತೆ ದಿನಕ್ಕೆ ಇಪ್ಪತ್ತು ಸಲ ಹೊಡೆಯಿರಿ. ಕಣ್ಣು ಕುಳಿಯ ಮೇಲಲ್ಲ, ಚೆಂಡು ಬೀಳುವ ಜಾಗದ ಮೇಲಿರಬೇಕು. ಹತ್ತಿರದಲ್ಲಿ ಮಕ್ಕಳಾಗಲಿ ದನಕರುವಾಗಲಿ ಇರದಂತೆ ನೋಡಿಕೊಳ್ಳಿ.

ನನ್ನ ಭುಜ ಇಂದಿಗೂ ಪೂರ್ತಿ ಸರಿಹೋಗಿಲ್ಲ. ಆದರೂ ಆಟ ಬಿಟ್ಟಿಲ್ಲ. ಅಂದು ಆ ಹಿರಿಯರು ಕೊಟ್ಟ 7ನೇ ನಂಬರಿನಿಂದ ಹೊಡೆದ ಚೆಂಡು ತಗ್ಗಾಗಿ ಹಾರಿ, ನೆಲ ಹಿಡಿದು, ಮೆಲ್ಲಗೆ ಉರುಳುತ್ತ ಹೋಗಿ ಕುಳಿಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ನಾನು ಅವರ ಮುಖ ನೋಡಿದೆ. “ಬಲ ಇಲ್ದೇ ಇದ್ರೂ ನಡೀತದೆ ಗೌಡ್ರೇ, ಲೆಕ್ಕ ತಪ್ಪಬಾರ್ದು ಅಷ್ಟೆ” ಎಂದವರೇ ಚೀಲ ಹೆಗಲಿಗೇರಿಸಿ ಮುಂದೆ ನಡೆದರು.